ಅಡುಗೆಯಮ್ಮನೂ ಸಾಂಬಾರೂ: ಒಂದು ವ್ಯಾಕರಣ ಪಾಠ

ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದ ವರ್ಷ, ಮನೆಯವರ ಬಗ್ಗೆ ಮಕ್ಕಳು ಬರೆದ ಪ್ರಬಂಧಗಳನ್ನು ತಿದ್ದಲು ಕುಳಿತಾಗ ‘ಮೈ ಫಾದರ್ ಫಾರ್ಮರ್’ ಎಂಬ ವಾಕ್ಯ ನೋಟ್‌ಬುಕ್ಕಿನಿಂದ ನೋಟ್‌ಬುಕ್ಕಿಗೆ ಎದುರಾಗುತ್ತಿತ್ತು. ಆದರೆ ಅದೇ ಮಕ್ಕಳು ‘ಮೈ ಫಾದರ್ ಈಸ್ ಇನ್ ದಿ ಫೀಲ್ಡ್’ ಎಂದೂ ‘ಮೈ ಗ್ರಾಂಡ್‌ಫಾದರ್ ವಾಸ್ ಎ ಸೋಲ್ಜರ್’ ಎಂದೂ ಸರಿಯಾಗಿಯೇ ಬರೆದಿದ್ದರು. ಬರೀ ಅಜಾಗರೂಕತೆಯಾಗಿದ್ದರೆ ಅಲ್ಲಿಯೂ ಕ್ರಿಯಾಪದ ಬಿಟ್ಟುಹೋಗಬೇಕಿತ್ತು.

ಕಾರಣ ನಮ್ಮ ಮಾತಿನಲ್ಲೇ ಇತ್ತು. ‘ನಮ್ಮಪ್ಪ ರೈತ’ ಎಂಬುದು ಕ್ರಿಯಾಪದವಿಲ್ಲದೆಯೇ ಪೂರ್ಣ ವಾಕ್ಯ. ‘ಅಪ್ಪ ಹೊಲದಲ್ಲಿದ್ದಾರೆ’, ‘ತಾತ ಸೈನಿಕರಾಗಿದ್ದರು’ ಎನ್ನುವಾಗ ಮಾತ್ರ ‘ಇರು’ ಧಾತು ಬರುತ್ತದೆ. ಇಂಗ್ಲಿಷಿನಲ್ಲಿ ಈ ರಿಯಾಯಿತಿ ಇಲ್ಲ. ಕರ್ತೃವನ್ನೂ ಅದು ಏನು ಅಥವಾ ಹೇಗಿದೆ ಎಂದು ತಿಳಿಸುವ ಪದವನ್ನೂ ಜೋಡಿಸಲು ಅಲ್ಲಿ ಒಂದು ಕ್ರಿಯಾಪದ ಇರಲೇಬೇಕು. ಅದೇ ಲಿಂಕಿಂಗ್ ವರ್ಬ್.

ಮರುದಿನ ಪಾಠ ಶುರುವಾಗುವ ಹೊತ್ತಿಗೆ ಬಿಸಿಯೂಟದ ಕೋಣೆಯಿಂದ ಒಗ್ಗರಣೆಯ ಘಾಟು ಬರುತ್ತಿದ್ದುದರಿಂದ, ಕಪ್ಪುಹಲಗೆಯ ಮೇಲೆ ‘ದಿ ಕುಕ್ ಟೇಸ್ಟ್ಸ್ ದಿ ಸಾಂಬಾರ್’ ಎಂದು ಬರೆದು, ಅದರ ಕೆಳಗೆ ‘ದಿ ಸಾಂಬಾರ್ ಟೇಸ್ಟ್ಸ್ ಸಾಲ್ಟಿ’ ಎಂದು ಬರೆದೆ. ಎರಡರಲ್ಲೂ ‘ಟೇಸ್ಟ್ಸ್’ ತೆಗೆದು ‘ಈಸ್’ ಇಟ್ಟು ಓದಿ ಎಂದಾಗ, ಹಿಂದಿನ ಬೆಂಚಿನಿಂದ ‘ಅಡುಗೆಯಮ್ಮನೇ ಸಾಂಬಾರಾ ಸಾರ್?’ ಎಂಬ ಪ್ರಶ್ನೆ ಬಂತು, ತರಗತಿ ನಕ್ಕಿತು. ಮೊದಲನೆಯದರಲ್ಲಿ ರುಚಿ ನೋಡುವ ಕೆಲಸ ನಡೆದಿದೆ, ಎರಡನೆಯದರಲ್ಲಿ ಸಾಂಬಾರು ಯಾವ ಕೆಲಸವನ್ನೂ ಮಾಡುತ್ತಿಲ್ಲ, ‘ಈಸ್’ ಸರಿಯಾಗಿ ಕೂರುವ ಆ ‘ಟೇಸ್ಟ್ಸ್’ ಮಾತ್ರ ಲಿಂಕಿಂಗ್ ವರ್ಬ್ ಎಂಬುದನ್ನು ನಾನು ಮತ್ತೆ ವಿವರಿಸಬೇಕಾಗಲಿಲ್ಲ. ‘ಸ್ಮೆಲ್ಸ್ ಗುಡ್’ ಎನ್ನುವಲ್ಲಿ ಕ್ರಿಯಾವಿಶೇಷಣ ಬಾರದೆ ಗುಣವಾಚಕ ಏಕೆ ಬರುತ್ತದೆಂಬುದೂ ಇದರಿಂದಲೇ ಸುಲಭವಾಯಿತು: ಆ ಪದ ವರ್ಣಿಸುವುದು ಸಾಂಬಾರನ್ನು, ಮೂಸುವ ಕ್ರಿಯೆಯನ್ನಲ್ಲ. ಸೀಮ್, ಬಿಕಮ್, ಲುಕ್, ಫೀಲ್ ಎಂದು ಲಿಂಕಿಂಗ್ ವರ್ಬ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಪದ್ಧತಿಯ ಮೇಲೆ ನನಗೆ ನಂಬಿಕೆಯಿಲ್ಲ. ಸೀಮ್‌ನಂಥ ಕೆಲವನ್ನು ಬಿಟ್ಟರೆ ಅವುಗಳಲ್ಲಿ ಹಲವು ‘ಟೇಸ್ಟ್’ನಂತೆ ಕೆಲಸ ಹೇಳುವ ಕಡೆಯೂ ಜೋಡಿಸುವ ಕಡೆಯೂ ದುಡಿಯುತ್ತವೆ.

‘ಟರ್ನ್’ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ‘ದಿ ಮಿಲ್ಕ್ ಟರ್ನ್ಡ್ ಸಾವರ್’ ಎಂಬುದನ್ನು ಎಲ್ಲರೂ ಒಪ್ಪಿದರು. ಆದರೆ ‘ದಿ ಬಸ್ ಟರ್ನ್ಡ್ ಲೆಫ್ಟ್’ ಎಂಬುದನ್ನು ತೆಗೆದುಕೊಂಡ ಹುಡುಗಿಯೊಬ್ಬಳು, ‘ದಿ ಬಸ್ ಈಸ್ ಲೆಫ್ಟ್’ ಎಂದೂ ಹೇಳಬಹುದಲ್ಲ, ಹಾಗಾದರೆ ಇದೂ ಲಿಂಕಿಂಗ್ ವರ್ಬೇ ತಾನೇ ಎಂದು ಕೇಳಿದಳು. ಪದ ಕೂತರೆ ಸಾಲದು, ಅರ್ಥವೂ ಉಳಿಯಬೇಕು. ಹಾಲು ಹುಳಿಯಾಯಿತು, ಬಸ್ಸು ಎಡವಾಗಲಿಲ್ಲ, ಎಡಕ್ಕೆ ತಿರುಗಿತಷ್ಟೇ ಎಂದೆ. ಅವಳು ಅದನ್ನು ಒಪ್ಪಿಕೊಂಡು, ಹಾಗಿದ್ದರೆ ‘ಗೆಟ್’ ಯಾವ ಕಡೆಗೆ ಸೇರುತ್ತದೆಂದು ಮುಂದಿನ ಪ್ರಶ್ನೆ ಹಾಕಿದಳು.