ಅಶೋಕನ ಬ್ರಾಹ್ಮಿ ಫಾಂಟ್: ಗುಣಿತಾಕ್ಷರಗಳ ಹಂತ

ವ್ಯಂಜನಗಳ ಮೂಲರೂಪ ಬರೆದು ಮುಗಿದಿದೆ. ಈ ಹಂತದ ಕೆಲಸವೆಲ್ಲ ಸ್ವರಚಿಹ್ನೆಗಳದ್ದು. ಮಾದರಿಗೆ ಇಟ್ಟುಕೊಂಡಿರುವುದು ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಾಕ್ಷರ. ಎಮ್ (ಅಕ್ಷರ ಬರೆಯುವ ಚೌಕದ ಅಳತೆ) 1000 ಯೂನಿಟ್, ಗೆರೆಯ ದಪ್ಪ 60, ಸ್ವರದ ಗೀಟಿನ ಉದ್ದ 170.

ಬ್ರಾಹ್ಮಿ 2010ರಲ್ಲಿ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಒಂದು ಕೋಡ್ ಕೊಡುವ ವ್ಯವಸ್ಥೆ) 6.0ಕ್ಕೆ ಸೇರಿತು. ಎಲ್ಲವೂ ಐದಂಕಿಯ ಕೋಡ್‌ಗಳಾದ್ದರಿಂದ ಫಾಂಟಿನ ಸಿಮ್ಯಾಪ್ ಕೋಷ್ಟಕ (ಯಾವ ಕೋಡ್‌ಗೆ ಯಾವ ಆಕಾರ ಎಂಬ ಪಟ್ಟಿ) ಫಾರ್ಮ್ಯಾಟ್ 12ರಲ್ಲೇ ಇರಬೇಕು. ನಾಲ್ಕಂಕಿಯ ಕೋಡ್‌ಗಳನ್ನಷ್ಟೇ ಹಿಡಿಯುವ ಫಾರ್ಮ್ಯಾಟ್ 4 ಮಾತ್ರ ಇದ್ದರೆ ಒಂದಕ್ಷರವೂ ಮೂಡುವುದಿಲ್ಲ.

ಏತ್ವದ ಗೀಟು (ಯೂನಿಕೋಡ್ ಸಂಖ್ಯೆ 11042) ಅಕ್ಷರದ ಎಡಕ್ಕೆ ಬೀಳುತ್ತದೆ. ಆದರೆ ಯೂನಿಕೋಡ್ ಅದನ್ನು 'ಮೇಲಿನ' ಚಿಹ್ನೆ ಎಂದೇ ವಿಂಗಡಿಸಿದೆ. ಗ್ರಂಥ ಲಿಪಿಯ ಏತ್ವವನ್ನು ಸರಿಸುವಂತೆ ಶೇಪಿಂಗ್ ಎಂಜಿನ್ (ಅಕ್ಷರ ಜೋಡಿಸಿ ಮೂಡಿಸುವ ತಂತ್ರಾಂಶ) ಇದನ್ನು ವ್ಯಂಜನಕ್ಕಿಂತ ಮುಂಚಿನ ಜಾಗಕ್ಕೆ ಸರಿಸುವುದಿಲ್ಲ. ಎಡಕ್ಕೆ ಕೂರಿಸುವ ಹೊಣೆ ಪೂರ್ತಿ ಆಂಕರ್‌ಗಳದ್ದು, ಅಂದರೆ ಚಿಹ್ನೆ ಅಂಟುವ ಬಿಂದುಗಳದ್ದು.

ಗೀಟು ಎಲ್ಲಿ ಅಂಟಬೇಕೆಂದು ತೀರ್ಮಾನಿಸುವುದು ವ್ಯಂಜನ. 'ಕ' ಕೂಡುವ ಗುರುತಿನ ಆಕಾರ. ಆ-ಗೀಟು ಅದರ ಲಂಬಗೆರೆಯ ತುದಿಗೆ ಬರಬೇಕು. 'ಜ'ದಲ್ಲಿ ಅದೇ ಗೀಟು ಮೂರು ಅಡ್ಡಗೆರೆಗಳ ಪೈಕಿ ನಡುವಿನದನ್ನು ಬಲಕ್ಕೆ ಉದ್ದ ಮಾಡುತ್ತದೆ. ಹಾಗಾಗಿ 'ಮೇಲೆ' ಎಂಬ ಒಂದೇ ಆಂಕರ್ ಸಾಲದು. ಪ್ರತಿ ವ್ಯಂಜನಕ್ಕೂ ಐದು ಇಟ್ಟಿದ್ದೇವೆ: ಆ-ಗೀಟು, ಗುಡಿಸು, ಏತ್ವ, ಕೊಂಬು, ಅನುಸ್ವಾರ. ಆಂಕರನ್ನು ಗೆರೆಯೊಳಗೆ 20 ಯೂನಿಟ್ ತಳ್ಳಿ ಇಡಬೇಕು. ಅಂಚಿಗೇ ಇಟ್ಟರೆ ಸಣ್ಣ ಗಾತ್ರದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ.

ಹೆಚ್ಚು ತಲೆ ತಿನ್ನುವುದು ಓತ್ವ (11044). ಕೋಡ್ ಒಂದೇ, ಗೀಟು ಎರಡು. 'ಕೋ'ದಲ್ಲಿ ಎರಡೂ ಒಂದೇ ಗೆರೆಯ ಇಕ್ಕೆಲಕ್ಕೆ ಬರುತ್ತವೆ. 'ಮೋ'ದಲ್ಲಿ ಮೇಲೆದ್ದ ಎರಡು ತೋಳುಗಳ ತುದಿಗೆ ಒಂದೊಂದು, ನಮ್ಮ ವಿನ್ಯಾಸದಲ್ಲಿ ನಡುವೆ 360 ಯೂನಿಟ್ ಅಂತರ. ಒಂದು ಗ್ಲಿಫ್ (ಫಾಂಟಿನಲ್ಲಿ ಬರೆದಿಟ್ಟ ಆಕಾರ) ಇವೆರಡಕ್ಕೂ ಹೊಂದದು. ಅದಕ್ಕೆ ಸಿಸಿಎಂಪಿ ಫೀಚರ್‌ನಲ್ಲೇ (ಗ್ಲಿಫ್‌ಗಳನ್ನು ಮೊದಲಿಗೇ ಒಡೆಯುವ ಇಲ್ಲವೇ ಕೂಡಿಸುವ ನಿಯಮ) ಓತ್ವವನ್ನು ಏತ್ವದ ಗೀಟು, ಆ-ಗೀಟು ಎಂದು ಒಡೆದರೆ ಎರಡೂ ತಂತಮ್ಮ ಆಂಕರ್ ಹಿಡಿಯುತ್ತವೆ. ಈ ಒಡೆತ ಫಾಂಟಿನೊಳಗೆ ಮಾತ್ರ. ಪಠ್ಯದಲ್ಲಿ 11042 ಮತ್ತು 11038 (ಆ-ಗೀಟು) ಒಟ್ಟಿಗೆ ಬಂದರೂ ಕಣ್ಣಿಗೆ ಓತ್ವವೇ, ಆದರೆ ಯೂನಿಕೋಡ್ ಅವನ್ನು 11044ಕ್ಕೆ ಸಮ ಎಂದು ಎಣಿಸುವುದಿಲ್ಲ, ಹುಡುಕಾಟದಲ್ಲಿ ಪದ ಸಿಗದು. ಕೀಲಿಮಣೆ 11044 ಅನ್ನೇ ಕೊಡಬೇಕು. ಶಾಸನಪಾಠಗಳನ್ನು ಮುಂದೆ ಹುಡುಕುವವರ ದೃಷ್ಟಿಯಿಂದ ಇದರಲ್ಲಿ ರಾಜಿಯಿಲ್ಲ.

ಕೊಂಬಿಗೆ ಎರಡು ರೂಪ. 'ಕ'ದಂತೆ ಲಂಬಗೆರೆಯಲ್ಲಿ ಮುಗಿಯುವ ಅಕ್ಷರಕ್ಕೆ ಬಲಕ್ಕೆ ಅಡ್ಡಗೀಟು, 'ನ'ದಂತೆ ತಳದಲ್ಲಿ ಅಡ್ಡಗೆರೆ ಇರುವುದಕ್ಕೆ ಕೆಳಮುಖ ಗೀಟು. ವ್ಯಂಜನಗಳ ಎರಡು ಗುಂಪು ಮಾಡಿ ಕೆಳಗಿನ ಚಿಹ್ನೆಗಳ ರೂಪ ಬದಲಿಸುವ ಬಿಎಲ್‌ಡಬ್ಲ್ಯುಎಸ್ ಫೀಚರ್‌ನಲ್ಲಿ ಸಂದರ್ಭ ನೋಡಿ ಬದಲಿಸಿದ್ದೇವೆ.

ಅನುಸ್ವಾರದ ಚುಕ್ಕೆ ಅಕ್ಷರದ ಬಲಕ್ಕೆ ಬರುತ್ತದೆ. ಹಾರ್ಫ್‌ಬಜ್ ಎಂಬ ಶೇಪಿಂಗ್ ಎಂಜಿನ್ ಮಾರ್ಕ್ ವರ್ಗದ (ಅಕ್ಷರಕ್ಕೆ ಅಂಟುವ ಚಿಹ್ನೆಗಳ) ಗ್ಲಿಫ್‌ಗಳ ಅಗಲವನ್ನು ಜಿಪಿಒಎಸ್ (ಗ್ಲಿಫ್‌ಗಳ ಜಾಗ ಹೊಂದಿಸುವ ಹಂತ) ಶುರುವಾಗುವ ಮೊದಲೇ ಸೊನ್ನೆ ಮಾಡುವುದರಿಂದ ಚುಕ್ಕೆ ಮುಂದಿನ ಅಕ್ಷರದ ಮೈಮೇಲೆ ಬೀಳುತ್ತದೆ. ಗ್ಲಿಫ್‌ನ ಅಗಲ ಹೆಚ್ಚಿಸಿ ಪ್ರಯೋಜನವಿಲ್ಲ, ಅಂತರ ಹೊಂದಿಸುವ ಡಿಸ್ಟ್ ಫೀಚರ್‌ನಲ್ಲಿ 110 ಯೂನಿಟ್ ಮರಳಿ ಸೇರಿಸಬೇಕು. ಗುಡಿಸಿಗೂ ಇದೇ ಮದ್ದು, 60 ಯೂನಿಟ್ ಸಾಕು.

11039 ಆಂಧ್ರದ ಭಟ್ಟಿಪ್ರೋಲು ಶಾಸನಗಳಿಗಾಗಿ ಇರುವ ಬೇರೆಯದೇ ಆ-ಚಿಹ್ನೆ. ಅಶೋಕನ ಪಾಠಕ್ಕೆ ಯಾವಾಗಲೂ 11038. ವ್ಯಂಜನವಿಲ್ಲದ ಚಿಹ್ನೆಗೆ ಆಸರೆಯಾಗಿ ಮೂಡುವ ಚುಕ್ಕೆವೃತ್ತಕ್ಕೂ (25ಸಿಸಿ) ಐದೂ ಆಂಕರ್ ಕೊಡಿ. ಇಲ್ಲದಿದ್ದರೆ ಒಂಟಿ ಚಿಹ್ನೆ ಬರೆದಾಗ ಗೀಟು ಎಲ್ಲೋ ತೇಲುತ್ತದೆ.

ಪರೀಕ್ಷೆಗೆ ಮಸ್ಕಿಯ 'ದೇವಾನಂಪಿಯಸ ಅಸೋಕಸ' ತುಂಬ ಅನುಕೂಲ. ಏತ್ವ, ಆ-ಗೀಟು, ಅನುಸ್ವಾರ, ಗುಡಿಸು, ಓತ್ವ ಎಲ್ಲವೂ ಎರಡೇ ಪದದಲ್ಲಿವೆ. ಕೊಂಬಿಗೂ ದೀರ್ಘ ಈಕಾರಕ್ಕೂ ಬ್ರಹ್ಮಗಿರಿಯ 'ಸುವಂಣಗಿರೀತೇ'. ಎರಡೂ ಸರಿಯಾಗಿ ಮೂಡುತ್ತಿವೆ.

ಬಾಕಿ ಇರುವುದು ಒತ್ತಕ್ಷರ. ಬ್ರಹ್ಮಗಿರಿಯ 'ಮಹಾತ್ಪೇನೇವ'ದಲ್ಲಿ 'ತ'ದ ಕೆಳಗೆ 'ಪ'. ಇಂಥ ಜೋಡಿಗಳಿಗೆ ಏತ್ವ, ಆ-ಗೀಟು, ಗುಡಿಸುಗಳ ಆಂಕರನ್ನು ಮೇಲಿನ ಅಕ್ಷರದಿಂದಲೂ ಕೊಂಬಿನದನ್ನು ಕೆಳಗಿನದರಿಂದಲೂ ತೆಗೆದುಕೊಳ್ಳುತ್ತಿದ್ದೇವೆ. ಕೊಂಬಿನ ಗುಂಪುಗಳಿಗೂ ಈ ಜೋಡಿ ಗ್ಲಿಫ್‌ಗಳನ್ನು ಕೆಳಗಿನ ಅಕ್ಷರ ನೋಡಿಯೇ ಸೇರಿಸಬೇಕು.