ಡಯಲ್ ಟೋನ್

ಸೋಮವಾರ ಬೆಳಿಗ್ಗೆ ಅಕ್ಕ ಆಫೀಸಿನ ಫೋನ್ ರಿಸೀವರ್ ಎತ್ತಿ ಕೇಳಿದ ಪ್ರಶ್ನೆಗೆ ಶುಕ್ರವಾರ ಆದರೂ ನನ್ನ ಹತ್ತಿರ ನೆಟ್ಟಗಿನ ಉತ್ತರ ಇಲ್ಲ.

“ಸದ್ದು ಬರ್ತಾ ಉಂಟು, ಫೋನ್ ಹೋಗ್ತಾ ಇಲ್ಲ. ಹಾಗಾದ್ರೆ ಈ ಸದ್ದು ಸುಳ್ಳಾ?”

ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್, ಕಾಫಿ ಬೀಜ ಸಂಸ್ಕರಿಸುವ ಜಾಗ. ಏಪ್ರಿಲ್ ಮಳೆಯ ಸಿಡಿಲಿಗೆ ಅಲ್ಲಿನ ಹಳೇ ಇಪಿಎಬಿಎಕ್ಸ್, ಆಫೀಸಿನ ಫೋನುಗಳನ್ನೆಲ್ಲ ಜೋಡಿಸುವ ಪೆಟ್ಟಿಗೆ, ಸುಟ್ಟುಹೋಗಿತ್ತು. ಆ ಜಾಗಕ್ಕೆ ಕಂಪ್ಯೂಟರ್ ನೆಟ್‌ವರ್ಕಿನಲ್ಲೇ ಓಡುವ 16 ಐಪಿ ಫೋನ್ ಹಾಕುವ ಕೆಲಸ ನನಗೆ ಸಿಕ್ಕಿತು. ಅಕ್ಕ ಆ ಆಫೀಸಿನಲ್ಲಿ ಫೋನ್ ಎತ್ತುವವರು. “ಇವತ್ತು ಚೆರಿ ಎಷ್ಟು, ಪಾರ್ಚ್‌ಮೆಂಟ್ ಎಷ್ಟು” ಅಂತ ಕಾಫಿ ರೇಟ್ ಕೇಳುವ ಬೆಳೆಗಾರರನ್ನೆಲ್ಲ ಹಲೋ ಅನ್ನುವುದರೊಳಗೆ ಗುರುತು ಹಿಡಿಯುತ್ತಾರೆ. ಮಾಲೀಕರ ಮಗನಿಗೆ ಮಾತ್ರ ಲ್ಯಾಂಡ್‌ಲೈನನ್ನೇ ಕಿತ್ತು ಎಲ್ಲವನ್ನೂ ಇಂಟರ್ನೆಟ್ಟಿಗೆ ತರಬೇಕೆಂಬ ಹಟ. ಕೆಟ್ಟ ಹುಡುಗ ಅಲ್ಲ, ದುಡ್ಡನ್ನೂ ಸರಿಯಾಗಿ ಕೊಡುತ್ತಾನೆ. ಆದರೆ ಹೊಸ ಸಾಮಾನು ಬಂದ ದಿನ ಹಳೆಯದರ ಮೇಲೆ ಅವನಿಗೆ ಏನೋ ಸಿಟ್ಟು ಬಂದುಬಿಡುತ್ತದೆ.

ಕೆಲಸ ಚೆನ್ನಾಗಿಯೇ ಮಾಡಿದ್ದೆ, ಅದನ್ನು ಹೇಳಿಕೊಳ್ಳಲು ಸಂಕೋಚ ಇಲ್ಲ. ಪಿಒಇ ಸ್ವಿಚ್ ಹಾಕಿದ್ದರಿಂದ ಒಂದೇ ವೈರಿನಲ್ಲಿ ಮಾತೂ ಕರೆಂಟೂ ಎರಡೂ ಹೋಗುತ್ತವೆ. ಫೋನುಗಳಿಗೆ ಬೇರೆಯೇ ವಿಎಲ್ಯಾನ್, ಅಂದರೆ ಅದೇ ನೆಟ್‌ವರ್ಕಿನೊಳಗೆ ಪ್ರತ್ಯೇಕ ದಾರಿ. ಇಲ್ಲದಿದ್ದರೆ ಬಿಲ್ಲಿಂಗ್ ಹುಡುಗ ಕ್ಯಾಮೆರಾ ರೆಕಾರ್ಡಿಂಗ್ ಕಾಪಿ ಮಾಡಲು ಕೂತ ಕೂಡಲೇ ಮಾತು ಚಿಂದಿಯಾಗುತ್ತದೆ. ಒಂದು ಕಾಲ್ ತಿನ್ನುವುದು ಒಂದೊಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 87 ಕಿಲೋಬಿಟ್, ಅದೇನೂ ದೊಡ್ಡದಲ್ಲ. ಆದರೆ ಮಾತನ್ನು ಸೆಕೆಂಡಿಗೆ 50 ತುಂಡು ಮಾಡಿ ಕಳಿಸುತ್ತೇವೆ, ತಡವಾಗಿ ಬಂದ ತುಂಡು ಬಂದೂ ದಂಡ. ಕಣದ ಆಚೆಯ ಗೋಡೌನ್ 140 ಮೀಟರ್ ದೂರ. ತಾಮ್ರದ ಕೇಬಲ್ಲಿಗೆ 100 ಮೀಟರೇ ಕೊನೆ, ಹಾಗಾಗಿ ಫೈಬರ್ ಎಳೆದೆ. ಗಾಜಿನ ಎಳೆಯಲ್ಲಿ ಸಿಡಿಲೂ ಹರಿಯುವುದಿಲ್ಲ. ಮೊದಲ ದಿನ ಒಂದು ಕಡೆ ಮಾತ್ರ ಕೇಳುವ ಕಾಯಿಲೆ ಇತ್ತು. ರೂಟರ್‌ನಲ್ಲಿ ಸಿಪ್ ಎಎಲ್‌ಜಿ ಅಂತ ಕಾಲ್‌ಗಳ ವಿಳಾಸ ತಿದ್ದುವ ಒಂದು ಸೆಟ್ಟಿಂಗ್ ಇರುತ್ತದೆ, ಅದನ್ನು ಆಫ್ ಮಾಡಿದೆ, ಹೋಯಿತು.

ಆ ದಿನವೇ ಅಕ್ಕ ರಿಸೀವರ್ ಎತ್ತಿ ಮುಖ ಗಂಟಿಕ್ಕಿದ್ದರು. “ಇದು ನಮ್ಮ ಫೋನಿನ ಸದ್ದಲ್ಲ.”

ನೋಡಿದರೆ ನಿಜ. ಫೋನಿನಲ್ಲಿ ದೇಶ ಬದಲಾಯಿಸುವುದನ್ನೇ ನಾನು ಮರೆತಿದ್ದೆ. ಅದು ಅಮೆರಿಕದ ಡಯಲ್ ಟೋನ್ ಹಾಡುತ್ತಿತ್ತು, 350 ಮತ್ತು 440 ಹರ್ಟ್ಸ್ ಸೇರಿದ್ದು. ನಮ್ಮದು 400 ಹರ್ಟ್ಸ್‌ನ ಸ್ವರವನ್ನು 25 ಹರ್ಟ್ಸ್‌ನಲ್ಲಿ ನಡುಗಿಸಿದ್ದು, ಅದಕ್ಕೇ ಅದರಲ್ಲಿ ಸ್ವಲ್ಪ ಗೊರಗೊರ. ಸೆಟ್ಟಿಂಗ್ ಬದಲಿಸಿ ಕೊಟ್ಟೆ. “ಈಗ ಸರಿ” ಅಂದರು. ಎಂಥ ಕಿವಿ ಅಂತ ನಾನು, ಎಂಥ ಹುಡುಗ ಅಂತ ಅವರು, ಇಬ್ಬರೂ ಖುಷಿಯಾಗಿದ್ದೆವು.

ಭಾನುವಾರ ರಾತ್ರಿ ಗಾಳಿಗೆ ಆನೆಕಾಡಿನ ಹತ್ತಿರ ಮರ ಬಿದ್ದು, ಆಫೀಸಿಗೆ ಬರುವ ಇಂಟರ್ನೆಟ್ ಕೇಬಲ್ ಹರಿದುಹೋಯಿತು. ಕರೆಂಟೂ ಹೋಗಿತ್ತು, ಆದರೆ ಜನರೇಟರ್ ಇತ್ತು. ಫೋನ್ ಸರ್ವರ್ ಆಫೀಸಿನ ಒಳಗೇ ಕೂತಿದೆ, 16 ಫೋನೂ ಹಸಿರು ದೀಪ ಹಚ್ಚಿಕೊಂಡಿದ್ದವು. ಎತ್ತಿದರೆ ನಾನೇ ಕೂರಿಸಿದ ಗೊರಗೊರ. ಹೊರಗೆ ಮಾತ್ರ ಒಂದು ಕಾಲೂ ಹೋಗುತ್ತಿರಲಿಲ್ಲ.

“ಸುಳ್ಳಲ್ಲ ಅಕ್ಕ, ಅದು ಫೋನೇ ಮಾಡಿಕೊಳ್ಳುವ ಸದ್ದು” ಅಂದೆ.

“ಯಾರಿಗೆ?”

“ನಿಮಗೇ. ಅಭ್ಯಾಸ ಆಗಿರ್ತದಲ್ಲ ಅಂತ.”

ಅಕ್ಕ ನಗಲಿಲ್ಲ, ಬೈಯಲೂ ಇಲ್ಲ. ರಿಸೀವರನ್ನು ಇನ್ನೊಂದು ಸಲ ಕಿವಿಗೆ ಹಿಡಿದು ಮೆಲ್ಲಗೆ ಇಟ್ಟರು. ಮನೆಗೆ ಬರುವ ದಾರಿಯುದ್ದಕ್ಕೂ ಆ “ಯಾರಿಗೆ” ನನ್ನ ಬೈಕಿನ ಹಿಂದೆ ಕೂತಿತ್ತು.

ಹಳೇ ಫೋನಿನ ಕತೆ ಬೇರೆ. ರಿಸೀವರ್ ಎತ್ತಿದರೆ ಎರಡು ತಂತಿ ಸೇರುತ್ತವೆ, ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದ ಕರೆಂಟ್ ಹರಿಯುತ್ತದೆ, ಯಾರೋ ಎತ್ತಿದರು ಅಂತ ಅಲ್ಲಿನ ಯಂತ್ರಕ್ಕೆ ಗೊತ್ತಾಗಿ ಸದ್ದು ಕಳಿಸುತ್ತದೆ. ಊರಿಡೀ ಕತ್ತಲಾಗಿದ್ದರೂ ಆ ಸದ್ದು ಬರುತ್ತಿದ್ದದ್ದು ಅದಕ್ಕೇ. ಹೊಸದು ತನ್ನಷ್ಟಕ್ಕೇ ಹಾಡಿಕೊಳ್ಳುತ್ತದೆ. ನಂಬರ್ ಒತ್ತಿದ ಮೇಲಷ್ಟೇ ಆಚೆ ಯಾರಾದರೂ ಇದ್ದಾರಾ ಅಂತ ವಿಚಾರಿಸುತ್ತದೆ.

ಮಂಗಳವಾರ ಕೇಬಲ್ ಜೋಡಿಸಿದರು. ಆಗ ಇನ್ನೊಂದು ತಕರಾರು. ಸಿದ್ದಾಪುರ ಕಡೆಯ ಹಿರಿಯ ಬೆಳೆಗಾರರೊಬ್ಬರು, ಅಕ್ಕ ರೇಟ್ ಚೀಟಿ ನೋಡಲು ತಿರುಗಿದಾಗಲೆಲ್ಲ “ಹಲೋ, ಕಟ್ ಆಯ್ತಾ? ಇದ್ದೀರಾ?” ಅಂತ ಕೂಗುತ್ತಿದ್ದರಂತೆ. ಮಾತಿಲ್ಲದಾಗ ಆ ತುಂಡುಗಳನ್ನೇ ಕಳಿಸದೆ ಉಳಿಸುವ ಸೆಟ್ಟಿಂಗ್ ಆನ್ ಆಗಿತ್ತು. ಆ ಮೌನ ಎಷ್ಟು ಗಾಢವೆಂದರೆ ಕೇಳುವವರಿಗೆ ಫೋನ್ ಸತ್ತಂತೆಯೇ. ಅದಕ್ಕೂ ಮದ್ದುಂಟು, ಕಂಫರ್ಟ್ ನಾಯ್ಸ್ ಅಂತಾರೆ. ನೀವು ಸುಮ್ಮನಿದ್ದಾಗ ಯಂತ್ರವೇ ತೆಳುವಾಗಿ ಶ್ ಅನ್ನುತ್ತಿರುತ್ತದೆ, ಯಾರೋ ಉಸಿರಾಡುತ್ತಿದ್ದಾರೆ ಅನ್ನುವ ಹಾಗೆ. ಇಷ್ಟು ವರ್ಷ ಅದನ್ನು ಕಣ್ಣುಮುಚ್ಚಿ ಟಿಕ್ ಮಾಡಿದ್ದೇನೆ. ಮೊನ್ನೆ ಮೌಸ್ ಹಿಡಿದ ಕೈ ಒಂದು ಕ್ಷಣ ನಿಂತಿತು. ಆಮೇಲೆ ಟಿಕ್ ಮಾಡಿದೆ. ಹಿರಿಯರು ಕೂಗುವುದು ನಿಂತಿದೆ.

ಬುಧವಾರ ಚಾ ಕುಡಿಯುವಾಗ ನಾನೇ ಕೆದಕಿದೆ, ಸೋಲೊಪ್ಪಲು ಮನಸ್ಸಿರಲಿಲ್ಲ. “ಹಳೇ ಸದ್ದೂ ಪೂರ್ತಿ ಸತ್ಯ ಅಲ್ಲ ಅಕ್ಕ. ಎಕ್ಸ್‌ಚೇಂಜ್ ಬದುಕಿದೆ ಅಂತಷ್ಟೇ ಅದು ಹೇಳೋದು. ಆಚೆ ಮನೆ ಲೈನ್ ಇದೆಯೋ ಇಲ್ಲವೋ ಅದಕ್ಕೇನು ಗೊತ್ತು?”

ಅಕ್ಕನ ತವರು ಮಕ್ಕಂದೂರು ಕಡೆ. 2018ರ ಆಗಸ್ಟಿನಲ್ಲಿ ಬೆಟ್ಟ ಜಾರಿದಾಗ ಅವರ ಅಮ್ಮ ಅಲ್ಲಿದ್ದರು. ಮೊಬೈಲ್ ಹತ್ತುತ್ತಿರಲಿಲ್ಲ. ಆಫೀಸಿಗೆ ಬಂದು ಕೂತು, ಗಳಿಗೆಗೊಮ್ಮೆ ಇಲ್ಲಿನ ಹಳೇ ಫೋನ್ ಎತ್ತುತ್ತಿದ್ದರಂತೆ. ಅಮ್ಮನ ಮನೆಯ ಲೈನ್ ಸತ್ತಿತ್ತು. ಮೂರನೇ ದಿನ ಪರಿಹಾರ ಕೇಂದ್ರದಿಂದ ಯಾರದ್ದೋ ಮೊಬೈಲಿನಲ್ಲಿ ಅಮ್ಮನೇ ಮಾತಾಡಿದರು.

“ಅಮ್ಮನವರೆಗೆ ಹೋಗ್ತಿರಲಿಲ್ಲ ಮಾರಾಯ, ನನಗೂ ಗೊತ್ತಿತ್ತು. ಎಕ್ಸ್‌ಚೇಂಜಿನವರೆಗಾದ್ರೂ ಹೋಗ್ತಿತ್ತಲ್ಲ.”

ನಾನು ಚಾ ಲೋಟ ತೊಳೆಯುವ ನೆಪದಲ್ಲಿ ಎದ್ದೆ. ನಮ್ಮ ಕಸುಬಿನಲ್ಲಿ ಒಂದು ಕೆಟ್ಟ ಚಾಳಿ ಇದೆ. ಯಾರು ಏನೇ ಕೇಳಿದರೂ ಸಿಸ್ಟಮ್ ಹೇಗೆ ಕೆಲಸ ಮಾಡುತ್ತದೆ ಅಂತ ವಿವರಿಸಿ, ಉತ್ತರ ಕೊಟ್ಟೆವು ಅಂದುಕೊಳ್ಳುವುದು. ಮೊಬೈಲಿನಲ್ಲಿ ಡಯಲ್ ಟೋನೇ ಇಲ್ಲ, ಅದರ ಬಗ್ಗೆ ನಾನು ಯಾವತ್ತೂ ಯೋಚಿಸಿರಲಿಲ್ಲ. ಮೂಲೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಕಂಡರೆ ಸಮಾಧಾನ. ಮಡಿಕೇರಿ ಮಳೆಗಾಲದಲ್ಲಿ ಆ ಕಡ್ಡಿಯನ್ನು ನಂಬಿ ಕೆಟ್ಟವರು ನಾವೆಲ್ಲ.

ನಿನ್ನೆ ಮಾಲೀಕರ ಮಗನಿಗೆ ಲ್ಯಾಂಡ್‌ಲೈನ್ ಕೀಳಿಸಬೇಡ ಅಂದೆ. ಇಂಟರ್ನೆಟ್ ಹೋದ ದಿನ ಬೇಕಾಗುತ್ತದೆ ಅಂತ ಕಾರಣ ಕೊಟ್ಟೆ. ಸೋಮವಾರದ ನೆನಪು ಇನ್ನೂ ಬಿಸಿ ಇತ್ತು, ಒಪ್ಪಿದ. ಸ್ಟೋರಿನಲ್ಲಿದ್ದ ಹಳೇ ಫೋನಿನ ಧೂಳು ಒರೆಸಿ, ಗೇಟ್‌ವೇ ಗೀಟ್‌ವೇ ಏನೂ ಇಲ್ಲದೆ, ನೇರ ತಂತಿಗೇ ಸಿಕ್ಕಿಸಿ ಅಕ್ಕನ ಮೇಜಿನ ಮೇಲಿಟ್ಟೆ.

ಅಕ್ಕ ಎತ್ತಿ ಕೇಳಿದರು. ನಾನೂ ಕೇಳಿದೆ. ಟೋನಿನ ಹಿಂದೆ ಬರೀ ಕರಕರ. ಎಲ್ಲೋ ಜಾಯಿಂಟಿನಲ್ಲಿ ನೀರು ಇಳಿದಿರಬೇಕು.

“ಕಂಪ್ಲೇಂಟ್ ಕೊಡ್ಲಾ ಅಕ್ಕ?”

“ಬೇಡ ಬಿಡು. ದಾರಿಯಲ್ಲಿ ಮಳೆ ಬರ್ತಾ ಉಂಟು ಅಂತ ಗೊತ್ತಾಗ್ತದೆ.”