ಹಲ್ಲ ಕಚಗೊಂಡ ತಡಕೊ ಅಂತಾರಲ್ಲ

3 ವರ್ಷ ನಾ ಕಿವಿ ಬ್ಯಾನಿ ಕಿವಿ ಬ್ಯಾನಿ ಅಂತ ತಿರಗ್ಯಾಡಿದ್ದು ಕಿವೀದ ಅಲ್ಲವೇ ಅಲ್ಲ, ದವಡಿ ಕೀಲಿಂದು. ಮುಂಜಾನೆ ಏಳೂದ್ರಾಗ ಬಲಗಡಿ ದವಡಿ ಬಿಗದಿರತಿತ್ತು, ಕಿವಿಯೊಳಗ ಗುಂಯ್ ಅಂತಿತ್ತು, ಅಲ್ಲಿಂದ ಹಣಿಗೆ ಏರಿ ಮತ್ತ ಕುತಗಿಗೆ ಇಳೀತಿತ್ತು. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಸಡ್ಲ ಆಗೂದು, ಊಟಕ್ಕ ಕುಂತ್ರ ಮತ್ತ ಶುರು.

ಕಿವಿ ಡಾಕ್ಟರ್ ಕಡೆ ಹೋದೆ, ಕಿವಿ ಸ್ವಚ್ಛ ಐತಿ ಅಂದ್ರು. ಕಣ್ಣಿನ ನಂಬರ್ ನೋಡಿಸಿದೆ, ಬದಲಾಗಿರಲಿಲ್ಲ. ಇನ್ನೊಬ್ರು ಮೈಗ್ರೇನ್ ಅಂತ ಗುಳಿಗಿ ಕೊಟ್ರು, ಒಂದ ಕಡೆ ಕಡೀ ದವಡಿ ಹಲ್ಲಿಗೆ ರೂಟ್ ಕೆನಾಲ್‌ನೂ ಮಾಡಿದ್ರು, ಹಲ್ಲಿಂದ ಮುಗೀತು ಬ್ಯಾನಿ ಹಂಗ ಉಳೀತು. ಆ ಹಲ್ಲ ನೆನಸಿಕೊಂಡ್ರ ಈಗೂ ಸಂಕಟ ಆಗತೈತಿ. ಆಮ್ಯಾಲೆ ಗೊತ್ತಾತು, ದವಡಿ ಕೀಲು, ಹಲ್ಲು, ಹಣಿ ಪಕ್ಕದ ಜಾಗ, ಕಿವಿ ಮುಂದಿನ ಚರ್ಮ ಎಲ್ಲಾದರ ಸುದ್ದೀನೂ ಮಿದುಳಿಗೆ ಒಯ್ಯೋದು ಟ್ರೈಜೆಮಿನಲ್ ಅನ್ನೂ ಒಂದ ನರ ಅಂತ, ಅದಕ ಒಂದ ಕಡೆ ತೊಂದರಿ ಆದ್ರ ಇನ್ನೊಂದ ಕಡೆ ಬ್ಯಾನಿ ಅನಸತೈತಿ.

ಮನ್ಯಾಗ ನಮ್ಮವ್ವ ಒಂದ ಮಾತ ಹೇಳಾಕಿ, "ಹಲ್ಲ ಕಚಗೊಂಡ ತಡಕೋ ಯವ್ವಾ." ಆಕಿ ಬದುಕಿದ್ದ ಹಂಗ. ಹಳೇ ಬಾಗಲಕೋಟ್ಯಾಗಿನ ಮನಿ ಆಲಮಟ್ಟಿ ಹಿನ್ನೀರಿಗೆ ಹೋತು, ನವನಗರಕ್ಕ ಬಂದ್ವಿ, ಅಪ್ಪಾ ಹೋದ್ರು, ಎಲ್ಲಾನೂ ಹಲ್ಲ ಕಚಗೊಂಡ ನಡಿಸಿದ್ಲು. ನಾನೂ ಅದನ್ನ ಕಲತೆ, ಮಾರ್ಚ್ ತಿಂಗಳ ಲೆಕ್ಕ ಮುಗಿಸೂದಿರಲಿ ಮಗನ ಪರೀಕ್ಷೆ ಇರಲಿ, ನನಗ ಗೊತ್ತಿಲ್ದನ ಹಲ್ಲ ಬಿಗಿಹಿಡಕೊಂಡ ಕುಂಡ್ರತಿದ್ದೆ, ರಾತ್ರಿ ನಿದ್ದಿ ಒಳಗ ಕಟಕಟ ಕಡೀತಿದ್ದೆ ಅಂತ ಮನೆಯವರು ಹೇಳಿದ್ರೂ ನಾ ಅದನ್ನ ಈ ಬ್ಯಾನಿಗೆ ಜೋಡಿಸಿ ನೋಡಿರಲಿಲ್ಲ.

ಅಕ್ಕನ ಮನಿಗೆ ಬೆಳಗಾವಿಗೆ ಹೋದಾಗ ಆಕಿ ಜುಲ್ಮಿ ಮಾಡಿ ಒಬ್ರು ಹಲ್ಲಿನ ಡಾಕ್ಟರ್ ಮೇಡಂ ಕಡೆ ಕರಕೊಂಡ ಹೋದ್ಲು. ಅವರು ಹಲ್ಲ ನೋಡೂಕಿಂತ ಮೊದ್ಲ ನನ್ನ ಹಿಂದ ನಿಂತು ಎರಡೂ ಕಿವಿ ಮುಂದ ಬೆರಳಿಟ್ಟು, "ಬಾಯಿ ತಗೀರಿ ಅಕ್ಕಾರ, ಈಗ ಮುಚ್ಚರಿ" ಅಂದ್ರು. ಬಲಗಡಿ ಕಟಕ್ ಅಂತು. ಗಲ್ಲದ ಸ್ನಾಯು ಒತ್ತಿದ್ರು, ಕಣ್ಣಾಗ ನೀರ ಬಂತು, ಅದ ಬ್ಯಾನಿ, ಅದ ಜಾಗ! ನನ್ನವ 3 ಬೆರಳ ನಿಲ್ಲಿಸಿ ಬಾಯಾಗ ಹಿಡಸ್ತಾವೇನ ನೋಡ ಅಂದ್ರು, ಎರಡ ಹಿಡದ್ವು. ಸಾಮಾನ್ಯವಾಗಿ ಬಾಯಿ 40 ಮಿಲಿಮೀಟರ್ ಸುಮಾರು ತೆರೀಬೇಕಂತ. ನಾಲಿಗಿ ಅಂಚಿಗೆ ಹಲ್ಲಿನ ಗುರುತು ಬಿದ್ದಿದ್ವು, ಹಲ್ಲಿನ ತುದಿ ಸವದಿದ್ವು. 3 ವರ್ಷದಾಗ ಅಲ್ಲಿ ಬೆರಳ ಇಟ್ಟು ನೋಡಿದವರು ಅವರ ಮೊದಲನೇದವರು.

ಕಿವಿ ಮುಂದಿನ ಈ ದವಡಿ ಕೀಲಿಗೆ ಇಂಗ್ಲಿಷಿನಾಗ ಟೆಂಪೊರೊಮ್ಯಾಂಡಿಬ್ಯುಲರ್ ಜಾಯಿಂಟ್, ಸಣ್ಣದಾಗಿ ಟಿಎಂಜೆ ಅಂತಾರ. ಬಾಗಲಾ ಬಿಜಾಗ್ರಿ ಹಂಗ ಬರೇ ತಿರಗೂದಲ್ಲ, ಬಾಯಿ ದೊಡ್ಡದ ತಗದಾಗ ಮುಂದಕ್ಕೂ ಜಾರತೈತಿ, ನೀವೂ ಕಿವಿ ಮುಂದ ಬೆರಳಿಟ್ಟು ನೋಡ್ರಿ. ನಡುವ ಸಣ್ಣ ಗಾದಿ ಹಂಗ ಒಂದ ಡಿಸ್ಕ್ ಇರತೈತಿ, ಅದು ಸರದು ಮತ್ತ ಜಾಗಕ್ಕ ಬರೂವಾಗ ಕಟಕ್ ಅಂತೈತಿ. ಬರೇ ಸಪ್ಪಳ ಇದ್ದು ಬ್ಯಾನಿ ಇಲ್ಲ, ಬಾಯಿ ಸರಿ ತೆರೀತೈತಿ ಅಂದ್ರ ಔಷಧ ಏನೂ ಬ್ಯಾಡ, ಹೆದರಬ್ಯಾಡ್ರಿ. ಹಲ್ಲ ಕಡಿಯೂದ ಎಲ್ಲಾರಿಗೂ ಕಾರಣ ಅಂತಲ್ಲ ಮತ್ತ, ಪೆಟ್ಟು ಬಿದ್ದವರು, ಸಂಧಿವಾತ ಇದ್ದವರಿಗೂ ಬರತೈತಿ, ಹೆಣ್ಮಕ್ಕಳಾಗ ಹೆಚ್ಚು. 1934ರಾಗ ಕಾಸ್ಟನ್ ಅನ್ನೂ ಅಮೆರಿಕದ ಕಿವಿ ಮೂಗು ಗಂಟಲಿನ ಡಾಕ್ಟರ್ ಈ ಕಿವಿ ಬ್ಯಾನಿ, ತಲಿ ಬ್ಯಾನಿಗೆ ದವಡಿ ಕೀಲಿನ ನಂಟೈತಿ ಅಂತ ಬರದಿದ್ರು, ಹಲ್ಲ ಬಿದ್ದು ದವಡಿ ಕೂಡೂದ ತಪ್ಪಿದ್ದ ಕಾರಣ ಅಂದಿದ್ರು. ಆ ಕಾರಣಾನ ಈಗ ಹಂಗ ಒಪ್ಪೂದಿಲ್ಲ, ಅದಕ ಈ ಬ್ಯಾನಿಗಂತ ಹಲ್ಲ ತಿಕ್ಕಿ ಸಣ್ಣ ಮಾಡೂದು, ಕೀಳೂದು ಮಾಡಿಸೂಕಿಂತ ಮೊದ್ಲ ಹತ್ತ ಸಲ ವಿಚಾರ ಮಾಡ್ರಿ, ಹೋದದ್ದು ವಾಪಸ್ ಬರೂದಿಲ್ಲ.

ಮೇಡಂ ಹೇಳಿದ್ದರಾಗ ನನಗ ಭಾಳ ಆಶ್ಚರ್ಯ ಆದದ್ದು ಒಂದ, ಸುಮ್ನ ಇದ್ದಾಗ ಹಲ್ಲಿಗೆ ಹಲ್ಲ ಹತ್ತಬಾರದು! ತುಟಿ ಮುಚ್ಚಿರಬೇಕು, ನಾಲಿಗಿ ಮ್ಯಾಲ ಅಂಗುಳಕ್ಕ ಇರಬೇಕು, ಹಲ್ಲ ಸಡ್ಲ. ಕೂಡೂದು ಅಗಿಯೂವಾಗ, ನುಂಗೂವಾಗ ಅಷ್ಟ. ಸರಿ ಅಂತ ಆಫೀಸಿನ ಕಂಪ್ಯೂಟರಿಗೆ, ಮೊಬೈಲ್ ಹಿಂದ, ಗ್ಯಾಸ್ ಕಟ್ಟಿ ಮ್ಯಾಲ ಒಂದೊಂದ ಕೆಂಪ ಟಿಕಳಿ ಹಚ್ಚಿದೆ, ಟಿಕಳಿ ಕಂಡಾಗೊಮ್ಮೆ ಹಲ್ಲ ಸಡ್ಲ ಬಿಡೂದು. ಮೊದಲನೇ ವಾರ ನೋಡಿದಾಗೊಮ್ಮೆ ಹಲ್ಲ ಬಿಗದ ಇರತಿದ್ವು, ನನಗ ಅಳು ಬಂತು. ಹಲ್ಲಿನ ಅಚ್ಚ ತಗೊಂಡು, ರಾತ್ರಿ ಮಲಗೂವಾಗ ಹಲ್ಲಿಗೆ ಹಾಕೊಳ್ಳೂ ಕವಚ, ನೈಟ್ ಗಾರ್ಡ್ ಅಂತಾರ, ಅದನ್ನ ಮಾಡಿಕೊಟ್ರು. ಎರಡೂ ಹೊತ್ತು ಬಿಸಿನೀರಿನ ಅರಬಿ ಕಾವು, ಆಕಳಿಕಿ ಬಂದ್ರ ಗದ್ದದ ಕೆಳಗ ಕೈ. ಕಟಕ ರೊಟ್ಟಿ, ಕರದಂಟು, ಕಬ್ಬು 3 ತಿಂಗಳ ಬಂದ್. ಸಂಕ್ರಾಂತಿಗೆ ಮಂದಿ ಕಬ್ಬ ಸೀಳೂದ ನೋಡ್ಕೋತ ನುಚ್ಚು ಮಜ್ಜಿಗಿ ಉಂಡೇನಿ, ಬಿಸಿ ರೊಟ್ಟಿ ಬ್ಯಾಳ್ಯಾಗ ನೆನಸಿ ತಿಂದೇನಿ. ಬಹಳ ಮಂದಿಗೆ ಇಷ್ಟರಾಗ ಕಡಿಮಿ ಆಗತೈತಿ, ಆಪರೇಷನ್ ತನಕ ಹೋಗೋರು ಕಡಿಮಿ.

ಈಗ ಎಂಟ ತಿಂಗಳಾತು, 3 ಬೆರಳ ಹಿಡಸ್ತಾವ. ಕಟಕ್ ಅನ್ನೂದ ಐತಿ, ಇರಲಿ. ಮಾರ್ಚ್ ಬಂದ್ರ ಮತ್ತ ಒಂದ ನಾಕ ದಿನ ಬಿಗೀತೈತಿ.

ಹೋದ ವಾರ ಇದನ್ನೆಲ್ಲಾ ಅವ್ವಗ ತಿಳಿಸಿ ಹೇಳಾಕತ್ತಿದ್ದೆ, ಆಕಿ ರೊಟ್ಟಿ ಬಡಿಯೂದ ಬಿಟ್ಟು ಹಿಟ್ಟಿನ ಕೈಲೇನ ತನ್ನ ಕಿವಿ ಮುಂದ ಬೆರಳಿಟ್ಟು ಬಾಯಿ ತಗದ್ಲು. "ನಂದೂ ಅಂತೈತಲ್ಲ" ಅಂದ್ಲು. ನಾ ಸಣ್ಣಾಕಿ ಇದ್ದಾಗಿಂದ ಆಕಿ ತಲಿಗೆ ಅರಬಿ ಬಿಗದ ಕಟಗೊಂಡ ಕೆಲಸ ಮಾಡೂದ ನೋಡೇನಿ, ಯಾಕ ಅಂತ ಒಂದಿನಾನೂ ಕೇಳಿರಲಿಲ್ಲ. ಬರೂ ಸೋಮವಾರ ಆಕೀನ್ನ ಕರಕೊಂಡ ಬೆಳಗಾವಿಗೆ ಹೊಂಟೇನಿ.